ಮೊಟ್ಟೆಯನ್ನು ಮೊದಲು ಎತ್ತಿಟ್ಟವಳು

ಏಳು ವರ್ಷದ ಮಗಳಿಗೆ ಕಥೆ ಹೇಳಲು ಕೂತರೆ ರಾಜಕುಮಾರ ಬರುವವರೆಗೆ ನಿದ್ದೆ ಹೊಡೆಯುವ ಹುಡುಗಿಯರೇ ಸಿಗುತ್ತಾರೆ, ಹಳೆಯ ಕಿನ್ನರಕಥೆಗಳಲ್ಲಿ ಧೈರ್ಯವಂತೆಯರೇ ಇಲ್ಲವೇ ಅಂತ ಕೇಳಿದ್ದೀರಿ. ಇದ್ದಾರೆ. ನಮ್ಮ ಕೈಗೆ ಬಂದ ಬಣ್ಣದ ಪುಸ್ತಕಗಳಿಗೆ ಅವರು ಬರಲಿಲ್ಲ, ಅಷ್ಟೆ. ಜರ್ಮನಿಯ ಗ್ರಿಮ್ ಸಹೋದರರ ಜನಪದ ಕಥೆಗಳ ಸಂಗ್ರಹದ ಮೊದಲ ಸಂಪುಟ ಬಂದದ್ದು 1812ರಲ್ಲಿ. 1857ರ ಆವೃತ್ತಿಯ ಹೊತ್ತಿಗೆ ಕಥೆಗಳು ಇನ್ನೂರು ದಾಟಿದ್ದವು. ಅವುಗಳಲ್ಲಿ ನಮಗೆಲ್ಲ ಗೊತ್ತಿರುವುದು ಹತ್ತೋ ಹನ್ನೆರಡೋ.

ನನಗೆ ಬಹಳ ಇಷ್ಟವಾದದ್ದು ಅದರ 46ನೇ ಕಥೆ, ‘ಫಿಚರ್‌ನ ಹಕ್ಕಿ’. ಒಬ್ಬ ಮಾಂತ್ರಿಕ ಭಿಕ್ಷುಕನ ವೇಷದಲ್ಲಿ ಬಂದು ಹುಡುಗಿಯರನ್ನು ಬೆನ್ನಿನ ಬುಟ್ಟಿಯಲ್ಲಿ ಹೊತ್ತೊಯ್ಯುತ್ತಾನೆ. ಮನೆಯ ಬೀಗದಕೈಗಳ ಜೊತೆ ಒಂದು ಮೊಟ್ಟೆಯನ್ನೂ ಕೊಟ್ಟು, “ಎಲ್ಲಿ ಹೋದರೂ ಇದು ನಿನ್ನ ಕೈಯಲ್ಲೇ ಇರಲಿ, ಆ ಒಂದು ಕೋಣೆ ಮಾತ್ರ ತೆರೆಯಬೇಡ” ಅಂತ ಹೇಳಿ ಹೊರಟುಬಿಡುತ್ತಾನೆ. ಹೀಗೆ ಒಬ್ಬರಾದ ಮೇಲೊಬ್ಬರು ಸಿಕ್ಕಿಬೀಳುವ ಮೂವರು ಅಕ್ಕತಂಗಿಯರಲ್ಲಿ ದೊಡ್ಡವಳು ತೆರೆಯುತ್ತಾಳೆ. ಒಳಗೆ ರಕ್ತದ ತೊಟ್ಟಿ, ಕಡಿದ ದೇಹಗಳು. ಬೆಚ್ಚಿಬಿದ್ದು ಮೊಟ್ಟೆ ಕೈಜಾರುತ್ತದೆ. ಎಷ್ಟು ಉಜ್ಜಿದರೂ ಕಲೆ ಹೋಗುವುದಿಲ್ಲ, ಅವಳೂ ಅದೇ ತೊಟ್ಟಿ ಸೇರುತ್ತಾಳೆ. ಎರಡನೆಯವಳ ಗತಿಯೂ ಅದೇ.

ಮೂರನೆಯವಳೂ ಆ ಬಾಗಿಲು ತೆರೆಯುತ್ತಾಳೆ, ಇದನ್ನು ಗಮನಿಸಿ. ಹೇಳಿದ ಮಾತು ಕೇಳಿದ್ದಕ್ಕೆ ಬದುಕಿದವಳಲ್ಲ ಅವಳು. ತೆರೆಯುವ ಮೊದಲು ಮೊಟ್ಟೆಯನ್ನು ಜೋಪಾನವಾಗಿ ಬೇರೆ ಕಡೆ ಎತ್ತಿಡುತ್ತಾಳೆ. ಅಕ್ಕಂದಿರನ್ನು ಆ ಸ್ಥಿತಿಯಲ್ಲಿ ಕಂಡು ಅತ್ತರೂ ಕೂತುಬಿಡುವುದಿಲ್ಲ. ತಲೆ, ಮುಂಡ, ಕೈಕಾಲು ಒಂದೊಂದಾಗಿ ಹೊಂದಿಸುತ್ತಾಳೆ, ಇಬ್ಬರೂ ಎದ್ದು ಕೂರುತ್ತಾರೆ. ಮಾಂತ್ರಿಕ ಬಂದು ನೋಡಿದರೆ ಮೊಟ್ಟೆ ಬೆಳ್ಳಗೆ ಹಾಗೇ ಇದೆ! ಇವಳೇ ನನ್ನ ಮದುಮಗಳು ಅನ್ನುತ್ತಾನೆ, ಆದರೆ ಅಲ್ಲಿಗೆ ಅವನ ಶಕ್ತಿ ಅವಳ ಮೇಲೆ ನಡೆಯುವುದಿಲ್ಲ. “ಮದುವೆಗೆ ಮೊದಲು ಒಂದು ಬುಟ್ಟಿ ಚಿನ್ನ ನನ್ನ ತವರಿಗೆ ಹೊತ್ತುಕೊಂಡು ಹೋಗು, ದಾರಿಯಲ್ಲಿ ಕೂತರೆ ಕಿಟಕಿಯಿಂದ ನನಗೆ ಕಾಣುತ್ತದೆ” ಅನ್ನುತ್ತಾಳೆ. ಚಿನ್ನದ ಅಡಿಯಲ್ಲಿ ಅಕ್ಕಂದಿರು. ಅವನು ಸುಸ್ತಾಗಿ ಕೂತಾಗಲೆಲ್ಲ ಬುಟ್ಟಿಯೊಳಗಿನಿಂದ ಒಬ್ಬಳು, “ಕಾಣುತ್ತಿದೆ, ನಡಿ ನಡಿ!” ಎಂದು ಗದರುತ್ತಾಳೆ. ಪಾಪ, ಬೆವರಿಳಿಸಿಕೊಂಡು ಹೊತ್ತೇ ಹೊರುತ್ತಾನೆ. ಇತ್ತ ಇವಳು ತಲೆಬುರುಡೆಯೊಂದಕ್ಕೆ ಹೂ, ಒಡವೆ ಹಾಕಿ ಮದುಮಗಳ ಹಾಗೆ ಕಿಟಕಿಯಲ್ಲಿಟ್ಟು, ತಾನು ಜೇನಿನ ಪೀಪಾಯಿಯಲ್ಲಿ ಮುಳುಗಿ, ಹಾಸಿಗೆ ಹರಿದು ಗರಿಗಳಲ್ಲಿ ಹೊರಳಿ, ವಿಚಿತ್ರ ಹಕ್ಕಿಯಾಗಿ ಮದುವೆಗೆ ಬರುವವರ ಎದುರಿಗೇ ನಡೆದುಹೋಗುತ್ತಾಳೆ. ಕೊನೆಗೆ ಅವಳ ಕಡೆಯವರು ಬಂದು, ಮಾಂತ್ರಿಕ ಮತ್ತವನ ನೆಂಟರು ಒಳಗಿರುವಾಗಲೇ ಮನೆಗೆ ಬೆಂಕಿ ಇಡುತ್ತಾರೆ.

ಅದೇ ಸಂಗ್ರಹದ 40ನೇ ಕಥೆಯ ಗಿರಣಿಯವನ ಮಗಳ ಧೈರ್ಯ ಬಾಯಿಯಲ್ಲಿದೆ. ಗಂಡಾಗುವವನು ಕರೆದ ಕಾಡಿನ ಮನೆಗೆ ದಾರಿಯುದ್ದಕ್ಕೂ ಬಟಾಣಿ, ಬೇಳೆಕಾಳು ಚೆಲ್ಲುತ್ತ ಹೋಗುತ್ತಾಳೆ. ಪೀಪಾಯಿಯ ಹಿಂದೆ ಅಡಗಿ ಕೂತು, ಅವನೂ ಅವನ ಗುಂಪೂ ಇನ್ನೊಬ್ಬ ಹುಡುಗಿಯನ್ನು ಕೊಲ್ಲುವುದನ್ನು ಕಾಣುತ್ತಾಳೆ. ಮದುವೆ ಊಟದಲ್ಲಿ ಒಬ್ಬೊಬ್ಬರೂ ಕಥೆ ಹೇಳುವ ಸರದಿ ಬಂದಾಗ ಅದನ್ನೆಲ್ಲ ಕನಸೆಂಬಂತೆ ಹೇಳತೊಡಗುತ್ತಾಳೆ. ಮಧ್ಯೆ ಮಧ್ಯೆ ಮದುಮಗನಿಗೆ, “ಬರೀ ಕನಸು ಕಣೋ.” ಕೊನೆಯಲ್ಲಿ, ಉಂಗುರ ಸಮೇತ ಕಡಿದುಬಿದ್ದಿದ್ದ ಬೆರಳನ್ನು ಎಲ್ಲರ ಮುಂದೆ ಇಡುತ್ತಾಳೆ.

ಇದನ್ನು ಓದುವಾಗ ನನಗೆ ಎ. ಕೆ. ರಾಮಾನುಜನ್ ಸಂಗ್ರಹಿಸಿದ ನಮ್ಮದೇ ಕನ್ನಡ ಕಥೆ ನೆನಪಾಗುತ್ತದೆ: ಕೂಲಿ ಮಾಡುವ ತಾಯಿಗೆ ನೆರವಾಗಲು ತಾನೇ ಹೂವಿನ ಮರವಾಗುವ ಹುಡುಗಿಯದು. ಅಲ್ಲಿ ಮದುವೆ ಕಥೆಯ ನಡುವೆಯೇ ಮುಗಿದುಹೋಗುತ್ತದೆ, ಕಷ್ಟ ಶುರುವಾಗುವುದು ಆಮೇಲೆ. ನಾದಿನಿ ಕೊಂಬೆ ಮುರಿದುಹಾಕಿದ್ದರಿಂದ ಕೈಕಾಲಿಲ್ಲದ ಮುಂಡವಾಗಿ ಬಿದ್ದಿದ್ದವಳು, ಗಂಡ ಸಿಕ್ಕಾಗ ಬಾಯಿಬಿಟ್ಟು ನಡೆದದ್ದನ್ನು ಹೇಳುತ್ತಾಳೆ, ಏನು ಮಾಡಬೇಕೆಂದೂ ಅವಳೇ ಹೇಳಿಕೊಡುತ್ತಾಳೆ. ನಿಮ್ಮ ಮಗಳಿಗೆ ನಾನಾದರೆ ಇದನ್ನೇ ಮೊದಲು ಹೇಳುತ್ತೇನೆ. ಗಿರಣಿಯವನ ಮಗಳನ್ನು ಇನ್ನೂ ನಾಲ್ಕೈದು ವರ್ಷ ಬಿಟ್ಟು ಕರೆತನ್ನಿ.

ಹ್ಯಾನ್ಸೆಲ್ ಮತ್ತು ಗ್ರೆಟೆಲ್ ಗೊತ್ತಿದ್ದರೆ ಅದನ್ನೂ ಇನ್ನೊಮ್ಮೆ ಓದಿ. ಅಣ್ಣ ಹ್ಯಾನ್ಸೆಲ್ ಚೆಲ್ಲಿದ ರೊಟ್ಟಿಚೂರು ಎಲ್ಲರಿಗೂ ನೆನಪಿದೆ, ಆದರೆ ಅವನು ಕೊಟ್ಟಿಗೆಯಲ್ಲಿ ಬಂದಿಯಾಗಿದ್ದಾಗ ಮಾಟಗಾತಿ ಮುದುಕಿಯನ್ನು ಒಲೆಗೆ ತಳ್ಳಿದವಳು ತಂಗಿ ಗ್ರೆಟೆಲ್.

ಫಿಚರ್ ಕಥೆಯನ್ನು ನನ್ನ ಅಕ್ಕನ ಮಗಳಿಗೆ ತೊಟ್ಟಿಯ ಭಾಗ ತೇಲಿಸಿ ಹೇಳಿದ್ದೆ. ಅವಳು ಕೇಳಿದ್ದು ಒಂದೇ: “ಚಿಕ್ಕಿ, ಮೊಟ್ಟೆ ಎಲ್ಲಿ ಇಟ್ಟಳು?” ಗ್ರಿಮ್ ಅದನ್ನು ಹೇಳಿಲ್ಲ. ನಮ್ಮಜ್ಜಿ ಮೊಟ್ಟೆ ಒಡೆಯದಿರಲಿ ಅಂತ ರಾಗಿ ಡಬ್ಬದಲ್ಲಿ ಹುದುಗಿಸಿಡುತ್ತಿದ್ದಳು. ಅಲ್ಲೇ ಅಂದೆ.