ಶಾವಿಗೆ ಒರಳು ತನ್ನಿ, ಅಕ್ಕಿ ಇಲ್ಲೇ ಸಿಗುತ್ತೆ

ನಿಮ್ಮ ಪ್ರಶ್ನೆ ಓದ್ದೆ. ಯಜಮಾನ್ರಿಗೆ ಜರ್ಮನಿಯ ಸ್ಟುಟ್‌ಗಾರ್ಟಲ್ಲಿ ಕೆಲಸ ಸಿಕ್ಕಿದೆ, ಮಗಳಿಗೆ ಐದು ವರ್ಷ, ಹುಟ್ಟಿದಾಗಿಂದ ಅಜ್ಜಿ ಪಕ್ಕದಲ್ಲೇ ಮಲಗಿ ಅಭ್ಯಾಸ, ಅಲ್ಲಿ ಮನೆ ಮಠ ಹಬ್ಬ ರಜೆ ಎಲ್ಲ ಹೇಗಿರುತ್ತೆ, ಮಗು ಅಜ್ಜಿ ತಾತನ್ನ ಮರೆತುಬಿಡುತ್ತಾ ಅಂತ ಕೇಳಿದ್ದೀರ. ಸಂಬಳ ಟ್ಯಾಕ್ಸು ಬಾಡಿಗೆ ಬಗ್ಗೆ ಹೇಳೋಕೆ ಬೇಕಾದಷ್ಟು ಜನ ಇದ್ದಾರೆ, ನಾನು ಅದರ ತಂಟೆಗೆ ಹೋಗಲ್ಲ. ನಾನು ಚನ್ನರಾಯಪಟ್ಟಣದ ಹತ್ರ ಒಂದು ಹಳ್ಳಿಯೋಳು, 2011ರಲ್ಲಿ ಇಲ್ಲಿಗೆ ಬಂದಿದ್ದು, ಬರುವಾಗ ಮಗಳಿಗೆ ಎರಡು ವರ್ಷ, ಮಗ ಇಲ್ಲೇ ಹುಟ್ಟಿದ್ದು. ನಿಮ್ಮನ್ನ ತಂಗಿ ಅಂದ್ಕೊಂಡೇ ಬರೀತಿದ್ದೀನಿ, ಸ್ವಲ್ಪ ಉದ್ದ ಆಗುತ್ತೆ, ಕಾಫಿ ಇಟ್ಕೊಂಡು ಕೂತ್ಕೊಳ್ಳಿ.

ಮೊದ್ಲು ಶಾಲೆ ವಿಷ್ಯ ಹೇಳ್ಬಿಡ್ತೀನಿ, ಯಾಕಂದ್ರೆ ಊರಿಗೆ ಹೋಗೋದು ಬರೋದೆಲ್ಲ ಅದರ ಮೇಲೇ ನಿಂತಿರುತ್ತೆ. ಈ ರಾಜ್ಯದಲ್ಲಿ, ಅಂದ್ರೆ ಬಾಡೆನ್ ವ್ಯುರ್ಟೆಂಬೆರ್ಗಲ್ಲಿ, ಜೂನ್ 30ರೊಳಗೆ ಮಗೂಗೆ ಆರು ತುಂಬಿದ್ರೆ ಆ ಸೆಪ್ಟೆಂಬರಲ್ಲೇ ಒಂದನೇ ಕ್ಲಾಸು. ಒಂದ್ಸಲ ಶಾಲೆ ಶುರು ಆಯ್ತು ಅಂದ್ರೆ ತಮ್ಮನ ಮದುವೆ, ಊರ ಜಾತ್ರೆ ಅಂತ ಹದಿನೈದು ದಿನ ಚಕ್ಕರ್ ಹೊಡೆಸೋ ಹಾಗಿಲ್ಲ, ಇಲ್ಲಿ ಹಾಜರಾತಿ ಅನ್ನೋದು ಕಾನೂನು, ಟಿಕೆಟ್ ಕಮ್ಮಿ ಸಿಗುತ್ತೆ ಅಂತ ರಜೆಗೆ ಎರಡು ದಿನ ಮುಂಚೆ ಹೊರಟರೂ ದಂಡ ಬೀಳಬಹುದು. ದೊಡ್ಡ ರಜೆ ಅಂದ್ರೆ ಜುಲೈ ಕೊನೆಯಿಂದ ಸೆಪ್ಟೆಂಬರ್ ಎರಡನೇ ವಾರದವರೆಗೆ, ಆರು ವಾರ ಚಿಲ್ಲರೆ. ಅಂದ್ರೆ ನಮ್ಮ ಮಕ್ಕಳಿಗೆ ಊರು ಅಂದ್ರೆ ಬರೀ ಆಗಸ್ಟ್. ಯುಗಾದಿ ಇಲ್ಲ, ಸಂಕ್ರಾಂತಿ ಕಿಚ್ಚು ಇಲ್ಲ, ಮಾವಿನ ಹಣ್ಣಿನ ಕಾಲ ಇಲ್ಲ. ಜಡಿಮಳೆ, ಕೆಸರು, ಕರೆಂಟಿಲ್ಲದ ರಾತ್ರಿ, ಅದು ಅವರ ಊರು. ನನ್ನ ಮಗನ್ನ ಕೇಳಿದ್ರೆ ಇಂಡಿಯಾದಲ್ಲಿ ಯಾವಾಗ್ಲೂ ಮಳೆ ಬರುತ್ತೆ ಅಂತಾನೆ! ಗಣೇಶನ ಹಬ್ಬ ಅದೃಷ್ಟ ಇದ್ರೆ ಸಿಗುತ್ತೆ. 2025ರಲ್ಲಿ ಆಗಸ್ಟ್ 27ಕ್ಕೆ ಇತ್ತು, ಸಿಕ್ಕಿತು. 2026ರದ್ದು ಸೆಪ್ಟೆಂಬರ್ 14, ಸೋಮವಾರ, ಸರಿಯಾಗಿ ಇಲ್ಲಿ ರಜೆ ಮುಗಿದು ಶಾಲೆ ಬಾಗಿಲು ತೆಗೆಯೋ ದಿನ. ಹೊಟ್ಟೆ ಉರಿಯುತ್ತೆ ಆದ್ರೆ ಏನು ಮಾಡಕ್ಕಾಗುತ್ತೆ.

ಹಾಗಂತ ಇಲ್ಲಿ ಮಜಾ ಇಲ್ಲ ಅಂತಲ್ಲ. ಒಂದನೇ ಕ್ಲಾಸಿನ ಮೊದಲ ದಿನ ಮಗು ಎತ್ತರಕ್ಕೇ ಇರೋ ಒಂದು ಕಾಗದದ ಶಂಕು ಕೊಡ್ತಾರೆ, ಷೂಲ್‌ಟ್ಯೂಟೆ ಅಂತಾರೆ, ಒಳಗೆಲ್ಲ ಚಾಕಲೇಟು ಪೆನ್ಸಿಲ್ಲು, ನಮ್ಮಮ್ಮ ಅದಕ್ಕೇ ಅಂತ ಊರಿಂದ ಕೊಬ್ಬರಿ ಮಿಠಾಯಿ ಮಾಡಿ ಕಳಿಸಿದ್ರು. ನವೆಂಬರ್ 11ಕ್ಕೆ ಸಂತ ಮಾರ್ಟಿನ್ ದಿನ ಮಕ್ಕಳೆಲ್ಲ ಕೈಯಲ್ಲಿ ಕಾಗದದ ಲಾಟೀನು ಹಿಡ್ಕೊಂಡು ಹಾಡ್ತಾ ಬೀದೀಲಿ ಹೋಗ್ತಾರೆ, ನಾವು ದೀಪಾವಳಿ ಆಕಾಶಬುಟ್ಟಿ ಮಾಡುವಾಗಲೇ ಒಂದು ಚಿಕ್ಕದು ಜಾಸ್ತಿ ಮಾಡಿ ಎತ್ತಿಟ್ಟಿರ್ತೀವಿ. ಪಟಾಕಿ ಮಾತ್ರ ದೀಪಾವಳಿಗೆ ಇಲ್ಲ. ಅಂಗಡಿಯೋರು ಮಾರೋದೇ ಡಿಸೆಂಬರ್ ಕೊನೇ ಮೂರು ದಿನ, ಹೊಡೆಯೋದು 31ರ ರಾತ್ರಿ, ಸುರುಸುರು ಬತ್ತಿಗೆ ಅಡ್ಡಿ ಇಲ್ಲ. ಡಿಸೆಂಬರ್ 5ರ ರಾತ್ರಿ ಮಕ್ಕಳು ಬೂಟು ಒರೆಸಿ ಬಾಗಿಲಲ್ಲಿ ಇಡ್ತಾರೆ, ಬೆಳಿಗ್ಗೆ ಅದರಲ್ಲಿ ಕಿತ್ತಳೆ ಹಣ್ಣು, ಕಡಲೆಕಾಯಿ. ಹೌದು, ನಮ್ಮ ಕಡಲೆಕಾಯೇ. ಇನ್ನು ದಸರಾ ಹೊತ್ತಿಗೆ ಸರಿಯಾಗಿ ಇಲ್ಲಿ ಕಾನ್‌ಷ್ಟಾಟ್ ಅನ್ನೋ ಕಡೆ ದೊಡ್ಡ ಜಾತ್ರೆ, ಜನ ವಾಸನ್ ಅಂತ ಕರೀತಾರೆ, ಹೆಸರಿಗೆ ತಕ್ಕ ಹಾಗೆ ಸಕ್ಕರೆ ಹಾಕಿ ಹುರಿದ ಬಾದಾಮಿ ವಾಸನೆ ಅರ್ಧ ಕಿಲೋಮೀಟರಿಂದಲೇ ಬರುತ್ತೆ. ಅದನ್ನ 1818ರಲ್ಲಿ ಇಲ್ಲಿಯ ರಾಜ ಶುರು ಮಾಡಿದ್ದಂತೆ. 1815ರಲ್ಲಿ ಇಂಡೋನೇಷ್ಯಾದಲ್ಲಿ ತಂಬೋರಾ ಜ್ವಾಲಾಮುಖಿ ಸಿಡಿದು ಮುಂದಿನ ವರ್ಷ ಯುರೋಪಲ್ಲಿ ಬೇಸಿಗೆನೇ ಬರದೆ ಬೆಳೆ ಹೋಗಿ ಜನ ಹಸಿವಲ್ಲಿ ಸತ್ತಿದ್ರು, ಆಮೇಲೆ ಬೆಳೆ ಬಂದ ಖುಷಿಗೆ, ರೈತರಿಗೆ ಹುರುಪು ತುಂಬೋಕೆ ಮಾಡಿದ ಹಬ್ಬ. ಇವತ್ತಿಗೂ ಮಧ್ಯದಲ್ಲಿ ಹಣ್ಣು ತರಕಾರಿ ತೆನೆಯಿಂದ ಅಲಂಕಾರ ಮಾಡಿದ 26 ಮೀಟರಿನ ಕಂಬ ನಿಲ್ಲಿಸ್ತಾರೆ. ಮೈಸೂರು ದಸರಾ ಎಕ್ಸಿಬಿಷನ್ ನೋಡಿ ಬೆಳೆದೋರಿಗೆ ಜಯಂಟ್ ವೀಲು ಏನೂ ಹೊಸದಲ್ಲ, ಹಪ್ಪಳದ ಬದಲು ಪ್ರೆಟ್ಸೆಲ್ಲು ಅಷ್ಟೇ.

ಭಾನುವಾರ ಅಂಗಡಿ ಮುಚ್ಚಿರುತ್ತೆ, ಡ್ರಿಲ್ಲು ಹೊಡೆಯೋ ಹಾಗಿಲ್ಲ, ರಾತ್ರಿ ಹತ್ತರ ಮೇಲೆ ಮಿಕ್ಸಿ ಹಾಕೋ ಹಾಗಿಲ್ಲ. ನಾನು ಬಂದ ಹೊಸದರಲ್ಲಿ ಹತ್ತೂವರೆಗೆ ದೋಸೆ ಹಿಟ್ಟು ರುಬ್ಬಕ್ಕೆ ಹೋಗಿ ಕೆಳಗಿನ ಮನೆಯೋರು ಬಾಗಿಲು ತಟ್ಟಿದ್ರು.

ನಿಮಗೆ ಕೇರ್‌ವೋಖೆ ಬಗ್ಗೆ ಯಾರಾದ್ರೂ ಹೇಳಿದ್ದಾರಾ? ಈ ಸೀಮೆಯೋರ ಪದ್ಧತಿ. ಗುಡಿಸೋ ವಾರ ಅಂತ ಅರ್ಥ. ಒಂದು ವಾರ ನಿಮ್ಮ ಸರದಿ, ಬಾಗಿಲಿಗೆ ಒಂದು ಚಿಕ್ಕ ಬೋರ್ಡು ನೇತಾಕ್ತಾರೆ, ಮೆಟ್ಟಿಲು, ಮುಂದಿನ ದಾರಿ, ಚಳೀಲಾದ್ರೆ ಹಿಮ, ಎಲ್ಲ ನೀವೇ ಕ್ಲೀನ್ ಮಾಡಿ ಬೋರ್ಡನ್ನ ಪಕ್ಕದ ಮನೆಗೆ ದಾಟಿಸ್ಬೇಕು. ಬೆಂಗಳೂರಿಂದ ಬಂದೋರು ತುಂಬಾ ಜನ ಇದನ್ನ ಬೈಕೊಂಡು ಮಾಡ್ತಾರೆ. ನನಗೆ ಅದು ಕಷ್ಟ ಅನ್ಸಲಿಲ್ಲ, ನಮ್ಮಜ್ಜಿ ದಿನಾ ಕತ್ತಲಲ್ಲೇ ಎದ್ದು ಅಂಗಳ ಗುಡಿಸಿ ಸಗಣಿ ನೀರು ಹಾಕಿ ರಂಗೋಲಿ ಎಳೆಯೋರು, ಆ ಬರಲಿನ ಸದ್ದಿಗೇ ನಮಗೆ ಎಚ್ಚರ ಆಗ್ತಿದ್ದಿದ್ದು. ಅಜ್ಜಿ ಹೋಗಿದ್ದು 2022ರ ಫೆಬ್ರವರೀಲಿ. ಇಲ್ಲಿ ಬೆಳಗಿನ ಜಾವ ನಾಲ್ಕೂ ಮುಕ್ಕಾಲಿಗೆ ಅಣ್ಣ ಫೋನ್ ಮಾಡ್ದ. ಚಳಿಗಾಲದಲ್ಲಿ ನಮಗೂ ಊರಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ, ಅಲ್ಲಿ ಒಂಬತ್ತೂಕಾಲು. ಸಂಜೆಯೊಳಗೆ ಮಣ್ಣು ಮಾಡ್ತೀವಿ ಅಂದ. ನಾನು ಯಾವ ಫ್ಲೈಟ್ ಹಿಡಿದ್ರೂ ಸಂಜೆಯೊಳಗೆ ಚನ್ನರಾಯಪಟ್ಟಣ ಮುಟ್ಟಲ್ಲ. ಆ ವಾರ ಬೋರ್ಡು ನಮ್ಮ ಬಾಗಿಲಲ್ಲಿತ್ತು. ಏನು ಮಾಡ್ಬೇಕು ಗೊತ್ತಾಗ್ದೆ ಬರಲು ತಗೊಂಡು ಮೆಟ್ಟಿಲು ಗುಡಿಸಕ್ಕೆ ಶುರು ಮಾಡ್ದೆ, ನಮ್ಮದು ಒಂದು ಮಹಡಿ ಅಷ್ಟೇ, ಮೂರೂ ಮಹಡಿ ಗುಡಿಸಿ, ಹೊರಗೆ ಫುಟ್‌ಪಾತೂ ಗುಡಿಸಿ, ಮತ್ತೆ ಮೇಲಿಂದ ಒರೆಸ್ಕೊಂಡು ಬಂದೆ. ಮೇಲಿನ ಮನೆ ಮುದುಕಿ ಬಾಗಿಲು ತೆಗೆದು ನೋಡಿ, ಏನೂ ಕೇಳ್ದೆ, ಬಾಗಿಲು ಹಾಕ್ಕೊಂಡ್ರು. ವೀಡಿಯೋ ಕಾಲಲ್ಲಿ ಮುಖ ನೋಡಲ್ವಾ ಅಂತ ಅಣ್ಣ ಕೇಳ್ದ. ಬೇಡ ಅಂದೆ.

ಆ ವರ್ಷ ಮಹಾಲಯ ಅಮಾವಾಸ್ಯೆ ಸೆಪ್ಟೆಂಬರ್ 25, ಭಾನುವಾರ ಬಂತು. ಊರಲ್ಲಿ ಅಣ್ಣ ಎಡೆ ಇಡ್ತಾನೆ, ಆದ್ರೂ ನಾನೂ ಇಲ್ಲಿ ಇಡ್ತೀನಿ ಅಂದೆ. ಕೊಟ್ಟ ಹೆಣ್ಣುಮಗಳು ತವರಿನ ಹಿರಿಯರಿಗೆ ಎಡೆ ಇಡಬಹುದಾ ಅಂತ ಅತ್ತೆ ಕೇಳಿದ್ರು, ಅಮ್ಮ ಇಡೇ ಅಂದ್ರು, ನಾನು ಅಮ್ಮನ ಮಾತು ಕೇಳ್ದೆ. ಶನಿವಾರವೇ ಟರ್ಕಿಯೋರ ಅಂಗಡೀಲಿ ಮಟನ್, ಶ್ರೀಲಂಕಾ ತಮಿಳರ ಅಂಗಡೀಲಿ ಬಾಳೆಲೆ ವೀಳ್ಯದೆಲೆ ತಂದಿದ್ದೆ. ಮುದ್ದೆ, ಮಟನ್ ಸಾರು, ಕಜ್ಜಾಯ, ವಡೆ, ಅಜ್ಜಿಗೆ ಎಲೆ ಅಡಿಕೆ, ತಾತಂಗೆ ಬೀಡಿ ಸಿಗಲ್ಲ ಅಂತ ಒಂದು ಸಿಗರೇಟು. ಫೋಟೋ ಮುಂದೆ ಎಲ್ಲ ಬಡಿಸಿ, ದೀಪ ಹಚ್ಚಿ, ಹಿರಿಯರು ಬಂದು ಉಣ್ಣಲಿ ಅಂತ ಬಾಗಿಲು ಎಳ್ಕೊಂಡು ನಾಲ್ಕೂ ಜನ ಆಚೆ ನಿಂತ್ವಿ.

ಇಲ್ಲಿಯ ಬಾಗಿಲಿಗೆ ಹೊರಗಡೆ ಹಿಡಿ ತಿರುಗಲ್ಲ. ಎಳೆದ್ರೆ ಲಾಕು. ಕೀ ಒಳಗೆ, ಫ್ರಿಜ್ ಮೇಲೆ.

ನಮ್ಮ ಯಜಮಾನ್ರು ಎರಡು ನಿಮಿಷ ಬಾಗಿಲು ನೋಡ್ತಾ ನಿಂತು, ಸರಿ ಬಿಡು, ನಿಮ್ಮ ತಾತ ಇವತ್ತು ನಿಧಾನವಾಗಿ ಉಣ್ಣಲಿ ಅಂದ್ರು. ಒಳಗೆ ದೀಪ ಉರೀತಿದೆ ಅನ್ನೋ ಭಯ ನನಗೆ, ಮಕ್ಕಳಿಗೆ ಹಸಿವು. ಕೀ ರಿಪೇರಿಯೋನು ಭಾನುವಾರದ ರೇಟು ಅಂತ 180 ಯೂರೋ ಹೇಳಿ ಎರಡು ಗಂಟೆ ಬಿಟ್ಟು ಬರ್ತೀನಿ ಅಂದ. ಅಷ್ಟೊತ್ತು ಮೇಲಿನ ಮನೆ ಓಮಾ (ಇಲ್ಲಿ ಅಜ್ಜಿಗೆ ಓಮಾ ಅಂತಾರೆ, ಮಕ್ಕಳೂ ಅವರನ್ನ ಹಾಗೇ ಕರೀತಾರೆ) ಒಳಗೆ ಕೂರಿಸಿ ಪ್ಲಮ್ ಹಣ್ಣಿನ ಕೇಕ್ ಕೊಟ್ರು. ಹಬ್ಬದ ಬಟ್ಟೆ ಹಾಕ್ಕೊಂಡು ಎಲ್ಲರೂ ಮೆಟ್ಟಿಲ ಮೇಲೆ ಯಾಕೆ ನಿಂತಿದ್ರಿ ಅಂತ ಕೇಳಿದ್ರು. ನನ್ನ ಜರ್ಮನ್ ಅಷ್ಟಕ್ಕಷ್ಟೇ, ಮಗಳೇ ಹೇಳಿದ್ಲು, ಸತ್ತಿರೋ ಅಜ್ಜಿ ತಾತ ನಮ್ಮನೇಲಿ ಊಟ ಮಾಡ್ತಿದ್ದಾರೆ, ನಾವಿದ್ರೆ ಅವರಿಗೆ ನಾಚಿಕೆ ಅಂತ. ನಾಚಿಕೆ ಅನ್ನೋದು ಅವಳದೇ ಸೇರಿಸಿದ್ದು. ಓಮಾ ನಗಲಿಲ್ಲ, ನಿಮ್ಮ ತಾತ ಕುಡೀತಿದ್ರಾ ಅಂತ ಕೇಳಿದ್ರು. ಕುಡೀತಿದ್ರು ಅಂದೆ. ಬೀರುವಿಂದ ಪೇರಲೆ ಥರದ ಒಂದು ಹಣ್ಣಿನ ಸಾರಾಯಿ ತೆಗೆದು ಒಂದು ಪುಟ್ಟ ಲೋಟಕ್ಕೆ ಬಗ್ಗಿಸಿ, ಬಾಗಿಲು ತೆಗೆದ ಮೇಲೆ ಇದನ್ನೂ ಇಡಿ ಅಂದ್ರು. ಆವತ್ತಿಂದ ಪ್ರತಿ ವರ್ಷ ಆ ಲೋಟ ಎಡೇಲಿ ಇರುತ್ತೆ, ನಮ್ಮ ಇನ್ನೊಂದು ಕೀ ಅವರ ಮನೇಲಿರುತ್ತೆ. ನೀವೂ ಬಂದ ಮೊದಲ ವಾರವೇ ಯಾರ ಹತ್ರನಾದ್ರೂ ಒಂದು ಕೀ ಕೊಟ್ಟಿಡಿ. ಹಾ, ಕಾಗೆಗೆ ಅಂತ ಬಾಲ್ಕನೀಲಿ ಅನ್ನ ಇಡೋಕೆ ಹೋಗ್ಬೇಡಿ, ಪಕ್ಕದೋರು ಗಲಾಟೆ ಮಾಡ್ತಾರೆ, ನಾವು ಪಾರ್ಕಿಗೆ ಹೋಗಿ ಒಂದು ತುತ್ತು ಇಟ್ಟು ಬರ್ತೀವಿ. ಇಲ್ಲಿಯ ಕಾಗೆ ಪೂರ್ತಿ ಕಪ್ಪು, ನಮ್ಮೂರ ಕಾಗೆ ಥರ ಕುತ್ತಿಗೆ ಬೂದು ಇರಲ್ಲ. ಇದಕ್ಕೆ ಕನ್ನಡ ಅರ್ಥ ಆಗುತ್ತಾ ಅಂತ ಮಗ ಕೇಳಿದ್ದ.

ಮರೀತಾರಾ ಅಂತ ಕೇಳಿದ್ರಲ್ಲ. ದಿನಾ ವೀಡಿಯೋ ಕಾಲ್ ಮಾಡ್ತೀವಿ ಅಂತ ಎಲ್ಲರೂ ಹೇಳ್ಕೊಂಡೇ ಬರ್ತಾರೆ, ಆರು ತಿಂಗಳಿಗೆ ಅದು ಊಟ ಆಯ್ತಾ, ಆಯ್ತು, ಶಾಲೆ ಹೆಂಗಿತ್ತು, ಚೆನ್ನಾಗಿತ್ತು, ಇಷ್ಟಕ್ಕೆ ನಿಲ್ಲುತ್ತೆ, ಮಗು ಕಣ್ಣೆಲ್ಲ ಸ್ಕ್ರೀನಿನ ಮೂಲೇಲಿ ಕಾಣೋ ತನ್ನ ಮುಖದ ಮೇಲೇ ಇರುತ್ತೆ. ನನ್ನ ಮಕ್ಕಳಿಗೆ ನಮ್ಮಜ್ಜಿ ಗೊತ್ತಿರೋದು ಶಾವಿಗೆಯಿಂದ. ನಾವು ಚಿಕ್ಕೋರಿದ್ದಾಗ ಬೇಸಿಗೆ ರಜಕ್ಕೆ ಹೋದ್ರೆ ಅಜ್ಜಿ ಬೆಂದ ಅಕ್ಕಿ ಉಂಡೆ ಹೊಗೆಯಾಡ್ತಿದ್ದ ಹಾಗೇ ಒರಳಿಗೆ ಹಾಕೋರು, ಆ ಮರದ ಒರಳಿನ ಉದ್ದ ಹಿಡಿಗೆ ನಾವು ಮೂರು ಜನ ಜೋತು ಬೀಳ್ಬೇಕು, ಕೆಳಗೆ ಅಜ್ಜಿ ತಟ್ಟೆ ತಿರುಗಿಸ್ತಾ ಎಳೆ ಹಿಡಿಯೋರು, ಆಮೇಲೆ ಬೆಲ್ಲದ ಕಾಯಾಲು ಸುರ್ಕೊಂಡು ತಿನ್ನೋದು. ಇಲ್ಲಿಯೋರ ಊಟ ಷ್ಪೆಟ್ಸ್‌ಲೆ ಅಂತ, ಮೊಟ್ಟೆ ಮೈದಾ ಹಿಟ್ಟನ್ನ ಒತ್ತಿ ಕುದಿಯೋ ನೀರಿಗೆ ಬಿಡ್ತಾರೆ, ಬೇಳೆ ಸಾರಿನ ಥರದ್ದರ ಜೊತೆ ತಿಂತಾರೆ, ಅದನ್ನ ಒತ್ತೋ ಒರಳು ಪ್ರತಿ ಅಂಗಡೀಲೂ ಇದೆ. ನೋಡ್ದಾಗಲೇ ಖುಷಿಯಾಗಿ ತಂದು ನಮ್ಮ ಅಕ್ಕಿ ಉಂಡೆ ಹಾಕಿ ಒತ್ತಿದೆ. ಅವರ ಹಿಟ್ಟು ನೀರು, ನಮ್ಮದು ಗಟ್ಟಿ, ಹಿಡಿ ಬಾಗಿಹೋಯ್ತು, ಬಂದಷ್ಟು ಎಳೆ ಎರೆಹುಳದಷ್ಟು ದಪ್ಪ, ಮಕ್ಕಳು ಅದನ್ನೇ ಇನ್ನೊಂದ್ಸಲ ಅಂತ ಕೇಳಿ ಕೇಳಿ ತಿಂದ್ರು.

ಮುಂದಿನ ಆಗಸ್ಟಲ್ಲಿ ಊರಿಂದ ಕಬ್ಬಿಣದ ಒರಳು ಹೊತ್ಕೊಂಡು ಬಂದೆ, ಏಳು ಕೇಜಿ. ಇಲ್ಲಿ ಇಳಿದ ಮೇಲೆ ಕಸ್ಟಮ್ಸಿನೋನು ಬ್ಯಾಗ್ ಬಿಚ್ಚಿಸಿ ಮೂರು ಕಾಲಿನ ಅದನ್ನ ಎತ್ತಿ ತಿರುಗಿಸಿ ನೋಡಿ ಇದೇನಮ್ಮ ಅಂದ. ಇಂಡಿಯನ್ ಷ್ಪೆಟ್ಸ್‌ಲೆ ಅಂದೆ. ಅವನೂ ಈ ಊರೋನೇ ಇರ್ಬೇಕು, ನಕ್ಕು ಕಳಿಸ್ದ. ಈಗ ತಿಂಗಳಿಗೊಂದು ಭಾನುವಾರ ಶಾವಿಗೆ, ಮಗಳು ತಟ್ಟೆ ತಿರುಗಿಸ್ತಾಳೆ, ಮಗ ಹಿಡಿ ತಿರುವ್ತಾನೆ, ಅಜ್ಜಿ ಹೀಗೆ ಹಿಡೀತಿದ್ರಾ ಅಮ್ಮ ಅಂತ ಅವರಾಗೇ ಕೇಳ್ತಾರೆ. ಫೋಟೋ ತೋರಿಸಿ ಹೇಳಿದ್ದು ಒಂದೂ ನೆನಪಿಲ್ಲ ಅವರಿಗೆ.

ನಿಮ್ಮ ಅತ್ತೇನೋ ಅಮ್ಮನೋ, ಮಗು ಪಕ್ಕದಲ್ಲೇ ಮಲಗ್ತಾಳೆ ಅಂದ್ರಲ್ಲ, ಅವರನ್ನ ಕರೆಸ್ಕೊಳ್ಳಿ. ವಿಸಿಟ್ ವೀಸಾದಲ್ಲಿ 90 ದಿನ ಇರಬಹುದು, ಇನ್ಶೂರೆನ್ಸ್ ಕಮ್ಮಿ ಅಂದ್ರೂ 30,000 ಯೂರೋದ್ದು ಬೇಕು, ಬಿಪಿ ಶುಗರ್ ಇದ್ರೆ ಅದರ ಸಣ್ಣಕ್ಷರ ಕೂತು ಓದಿ. ನವೆಂಬರಲ್ಲಿ ಮಾತ್ರ ಕರೆಸ್ಬೇಡಿ ಮಾರಾಯ್ತಿ! ನಮ್ಮಮ್ಮನ್ನ ಮೊದಲ ಸಲ ನವೆಂಬರಲ್ಲಿ ಕರೆಸಿ ನಾಲ್ಕೂವರೆಗೆ ಕತ್ತಲಾಗೋದು ನೋಡಿ, ಸೂರ್ಯ ಇಲ್ದಿರೋ ಊರಲ್ಲಿ ಹೆಂಗ್ ಬಾಳ್ತೀರೇ ಅಂತ ದಿನಾ ಕಿಟಕಿ ಹತ್ರ ಕೂತು ಅತ್ತಿದ್ರು. ಎರಡನೇ ಸಲ ಮೇ ಕೊನೇಲಿ ಬಂದ್ರು, ರಾತ್ರಿ ಒಂಬತ್ತೂವರೆವರೆಗೂ ಬೆಳಕು, ನಾವೇ ಹೋಗಿ ಕಿತ್ಕೊಳ್ಳೋ ಸ್ಟ್ರಾಬೆರಿ ಹೊಲ, ರಸ್ತೆ ಪಕ್ಕ ಹೂವಿನ ಹೊಲ, ಅಲ್ಲಿ ಒಂದು ಚಾಕು, ಒಂದು ಹುಂಡಿ, ರೇಟಿನ ಬೋರ್ಡು, ಕಾಯೋರು ಯಾರೂ ಇಲ್ಲ. ಅಮ್ಮ ಪೂಜೆಗೆ ಅಂತ ಹೂ ಕೊಯ್ದು, ದುಡ್ಡು ಮೂರು ಸಲ ಎಣಿಸಿ ಹಾಕಿ, ವಾಪಸ್ ಬರುವಾಗ ಕಾರಲ್ಲಿ, ಇವರು ನಮ್ಮನ್ನ ಎಲ್ಲಿಂದಲೋ ನೋಡ್ತಿರ್ತಾರೆ ಕಣೇ ಅಂದ್ರು. ಮೊಮ್ಮಗ ಇಡೀ ದಾರಿ ನಕ್ಕ.

ಲಗೇಜ್ ಬಗ್ಗೆ ಕೊನೇದಾಗಿ. ಅಕ್ಕಿ ಬೇಳೆ ರಾಗಿಹಿಟ್ಟು ಹುಣಸೆಹಣ್ಣು ಎಲ್ಲ ಇಲ್ಲೇ ಸಿಗುತ್ತೆ, ಹೊರಬೇಡಿ. ಹುಚ್ಚೆಳ್ಳು ತನ್ನಿ, ಒಳ್ಳೆ ಕುಕ್ಕರಿನ ಗ್ಯಾಸ್ಕೆಟ್ ಎರಡು ತನ್ನಿ, ಒರಳು ತನ್ನಿ. ಒರಳಿನ ಬಿಲ್ಲೆಗಳನ್ನ ಬೇರೆ ಪೊಟ್ಟಣ ಕಟ್ಟಿ ಅದರೊಳಗೇ ಇಡಿ, ನಾನು ಏಳು ಕೇಜಿ ಕಬ್ಬಿಣ ಹೊತ್ಕೊಂಡು ಬಂದು ಬಿಲ್ಲೆ ಅಮ್ಮನ ಮನೆ ಜಗಲಿ ಮೇಲೆ ಬಿಟ್ಟು ಬಂದು ಒಂದು ವರ್ಷ ಕಾದೆ.