ನಗರ ಬೆಳೆದಂತೆ ನೆರೆಯೂ ಬೆಳೆಯುವುದೇಕೆ?

ಪ್ರಶ್ನೆ: ಮಳೆ ಕಡಿಮೆಯಿರುವ ನಮ್ಮೂರಿನಲ್ಲಿಯೂ ಒಂದೇ ಜೋರು ಮಳೆಗೆ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗುತ್ತದೆ. ನಗರಗಳಿಗೆ ಇದು ಹೊಸ ಪೀಡೆಯೇ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಹೊಸದೇನಲ್ಲ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸುಮಾರು 15,000 ಜನ ಸತ್ತರು. ಜಲಾನಯನದ ಮೇಲ್ಭಾಗದಲ್ಲಿ ಕೆರೆಗಳು ಸಾಲಾಗಿ ಒಡೆದದ್ದು ಅನಾಹುತವನ್ನು ಹೆಚ್ಚಿಸಿತ್ತು. ಪರಿಹಾರ ಸೂಚಿಸಲು ಬಂದ ವಿಶ್ವೇಶ್ವರಯ್ಯನವರು ನೀರನ್ನು ನಗರಕ್ಕೆ ಬರುವ ಮೊದಲೇ ತಡೆದು ನಿಲ್ಲಿಸಬೇಕೆಂದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಹುಟ್ಟಿದ್ದು ಹಾಗೆ.

ನಿಮ್ಮ ಪಾಳೆಯಗಾರರಿಗೂ ಈ ಲೆಕ್ಕ ಗೊತ್ತಿತ್ತು. ಕೋಟೆಯೊಳಗಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚುವರಿ ನೀರು ಅಕ್ಕ-ತಂಗಿ ಹೊಂಡಕ್ಕೆ, ಮುಂದೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆಹೊಂಡಕ್ಕೆ ಇಳಿಯುತ್ತಿತ್ತು. ಇಂಥ ದಾರಿಯನ್ನು ಮುಚ್ಚಿ ನಿವೇಶನ ಮಾಡಿದರೆ ಬಂಡೆಗುಡ್ಡದಿಂದ ಇಂಗದೆ ಧುಮುಕುವ ನೀರು ಮನೆಯೊಳಗಲ್ಲದೆ ಎಲ್ಲಿಗೆ ಹೋದೀತು? ಸೈಟು ಕೊಳ್ಳುವವರು ಹಳೆಯ ಗ್ರಾಮ ನಕ್ಷೆಯಲ್ಲಿ ಹಳ್ಳದ ಗುರುತನ್ನು ನೋಡಿಕೊಳ್ಳುವುದು ಒಳ್ಳೆಯದು.