ಇಂಕ್‌ಸ್ಕೇಪ್‌ನಲ್ಲಿ ಹೊಲಿಗೆಯ ಪ್ಯಾಟರ್ನ್ ಬರೆಯೋಕೆ ಆಗುತ್ತಾ?

ಸ್ಕೇಲು ಪೆನ್ಸಿಲ್ ಹಿಡಿದು ಪೇಪರ್ ಮೇಲೆ ಬರೆದು, ಅಳಿಸಿ ಸಾಕಾಗಿದೆ, ಬಿಟ್ಟಿ ಸಾಫ್ಟ್‌ವೇರಲ್ಲಿ ಅಂಗಿಯ ಪ್ಯಾಟರ್ನ್ (ಬಟ್ಟೆ ಕತ್ತರಿಸಲು ಬೇಕಾದ ಅಳತೆಯ ನಕ್ಷೆ) ಬರೆಯಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಬರೆಯಬಹುದು. ನಾನು ಬಳಸುವುದು ಇಂಕ್‌ಸ್ಕೇಪ್, ಗೆರೆಚಿತ್ರ ಬರೆಯುವ ಬಿಟ್ಟಿ ಸಾಫ್ಟ್‌ವೇರ್.

ಮೊದಲು ಡಾಕ್ಯುಮೆಂಟ್ ಪ್ರಾಪರ್ಟೀಸ್‌ನಲ್ಲಿ ಅಳತೆಯನ್ನು ಮಿಲಿಮೀಟರ್‌ಗೆ ಬದಲಾಯಿಸಿ. ಇನ್ನೊಂದು ಕಡೆ ನಾನು ಎಡವಿದ್ದೆ. ಇಂಕ್‌ಸ್ಕೇಪ್ ಸುಮ್ನೆ ಬಿಟ್ಟರೆ ಗೆರೆಯ ದಪ್ಪವನ್ನೂ ಸೇರಿಸಿ ಅಗಲ ತೋರಿಸುತ್ತದೆ. 2 ಮಿ.ಮೀ. ದಪ್ಪದ ಗೆರೆ ಇಟ್ಟು ಅಗಲ 100 ಅಂತ ಟೈಪ್ ಮಾಡಿದರೆ, ಗೆರೆಯ ನಡುವಿನಿಂದ ನಡುವಿಗೆ ಸಿಗುವುದು 98 ಮಾತ್ರ. ಪ್ರಿಫರೆನ್ಸಸ್‌ನ ಟೂಲ್ಸ್ ವಿಭಾಗದಲ್ಲಿ ಗೆರೆಯ ದಪ್ಪವನ್ನು ಲೆಕ್ಕಕ್ಕೆ ಹಿಡಿಯದ ಜಿಯೊಮೆಟ್ರಿಕ್ ಬೌಂಡಿಂಗ್ ಬಾಕ್ಸ್ ಆರಿಸಿಕೊಂಡರೆ ಈ ತಲೆನೋವು ಇರಲ್ಲ.

ನೇರ ಗೆರೆಗಳು ಯಾರಿಗಾದರೂ ಬರುತ್ತವೆ. ಕಷ್ಟ ಇರುವುದು ತೋಳು ಕೂಡುವ ಕಂಕುಳ ಬಾಗಿನಲ್ಲಿ. ಬಾಗಿದ ಗೆರೆ ಎಳೆಯುವ ಬೆಜಿಯರ್ ಪೆನ್ನಿನಿಂದ ಹೆಗಲ ತುದಿಯಲ್ಲಿ ಒಂದು ಚುಕ್ಕಿ, ಕಂಕುಳ ಕೆಳಗೆ ಒಂದು, ನಡುವೆ ಒಂದು, ಅಷ್ಟೇ ಇಡಿ. ಚುಕ್ಕಿ ಜಾಸ್ತಿಯಾದಷ್ಟೂ ಬಾಗು ಉಬ್ಬುತಗ್ಗಾಗುತ್ತದೆ. ಆಮೇಲೆ ಮುಂಭಾಗ, ಹಿಂಭಾಗ ಎರಡನ್ನೂ ಹೆಗಲ ಹೊಲಿಗೆಯಲ್ಲಿ ಒಂದಕ್ಕೊಂದು ತಾಗಿಸಿ ನೋಡಿ. ಕೂಡಿದ ಕಡೆ ಮೂಲೆ ಎದ್ದರೆ ಹೊಲಿದ ಮೇಲೂ ಅದು ಹಾಗೇ ಎದ್ದು ಕಾಣುತ್ತದೆ. ಎಕ್ಸ್‌ಟೆನ್ಶನ್ಸ್‌ನಲ್ಲಿರುವ ಮೆಷರ್ ಪಾತ್ ಬಾಗಿದ ಗೆರೆಯ ಉದ್ದವನ್ನು ಹೇಳುತ್ತದೆ. ಮುಂದಿನ, ಹಿಂದಿನ ಕಂಕುಳ ಬಾಗುಗಳ ಉದ್ದ ಕೂಡಿಸಿ, ತೋಳಿನ ಮೇಲ್ಬಾಗಿನ ಜೊತೆ ಹೋಲಿಸಿ. ಹಿಗ್ಗದ ಬಟ್ಟೆಗೆ ತೋಳಿನ ಬಾಗು ಒಂದೆರಡು ಸೆಂ.ಮೀ. ಜಾಸ್ತಿ ಇದ್ದರೆ ಸರಿ. ಟೇಪನ್ನು ಅಂಚಿನ ಮೇಲೆ ನಿಲ್ಲಿಸಿ, ಬಗ್ಗಿಸಿ ಅಳೆಯುವ ಕಾಟ ತಪ್ಪಿತು, ನನಗಂತೂ ಕಂಪ್ಯೂಟರಿಗೆ ಬಂದಿದ್ದಕ್ಕೆ ಇದೊಂದೇ ಸಾಕು.

ಹೊಲಿಗೆಗೆಂದು ಸುತ್ತ ಬಿಡುವ ಮಾರ್ಜಿನ್‌ಗೆ ಲಿಂಕ್ಡ್ ಆಫ್‌ಸೆಟ್ ಬಳಸಿ, ಅದು ಗೆರೆಯ ಹೊರಗೆ ಸಮದೂರದಲ್ಲಿ ಇನ್ನೊಂದು ಗೆರೆ ಎಳೆಯುತ್ತದೆ. ಒಳಗಿನ ಗೆರೆ ತಿದ್ದಿದರೆ ಹೊರಗಿನದೂ ತಾನೇ ತಿದ್ದಿಕೊಳ್ಳುತ್ತದೆ. ಆದರೆ ಮೂಲೆಗಳನ್ನು ಉರುಟು ಮಾಡಿಬಿಡುತ್ತದೆ, ಕೊನೆಯಲ್ಲಿ ಕೈಯಾರೆ ಸರಿಮಾಡಬೇಕು.

ಒಂದೇ ಅಂಗಿಯನ್ನು ಬೇರೆಬೇರೆ ಮೈ ಅಳತೆಗೆ ಪದೇ ಪದೇ ಬರೆಯುವವರಾದರೆ ಇಂಕ್‌ಸ್ಕೇಪ್ ಬೇಡ, ಪ್ಯಾಟರ್ನ್ ಬರೆಯಲೆಂದೇ ಇರುವ ಸೀಮ್ಲಿ2ಡಿ ಕಲಿಯಿರಿ. ಅದೂ ಬಿಟ್ಟಿಯೇ. ಅಲ್ಲಿ ಗೆರೆಗಳನ್ನು ಅಳತೆಗೆ ಕಟ್ಟಿಹಾಕಿರುತ್ತೀರಿ. ಎದೆ ಸುತ್ತಳತೆ ಬದಲಾಯಿಸಿದರೆ ಇಡೀ ಪ್ಯಾಟರ್ನ್ ಬದಲಾಗುತ್ತದೆ. ಕಲಿಯಲು ತಾಳ್ಮೆ ಬೇಕು.

ಇನ್ನು ಪ್ರಿಂಟು. ನನ್ನ ಮೊದಲ ಅಂಗಿ ಹಾಳಾಗಿದ್ದೇ ಇಲ್ಲಿ. ಚಿತ್ರವನ್ನು ಹಾಳೆಗೆ ಹೊಂದುವಂತೆ ಕುಗ್ಗಿಸುವ 'ಫಿಟ್ ಟು ಪೇಜ್' ಆನ್ ಆಗಿದ್ದನ್ನು ನಾನು ನೋಡಿರಲಿಲ್ಲ. ಎಲ್ಲ ಹಾಳೆ ಅಂಟಿಸಿ, ಬಟ್ಟೆ ಕತ್ತರಿಸಿ, ಹೊಲಿದು, ತೊಡಲು ಹೋದರೆ ತೋಳೇ ಏರಲಿಲ್ಲ! ನೂರಕ್ಕೆ ನಾಲ್ಕು ಭಾಗ ಕುಗ್ಗಿದರೂ 90 ಸೆಂ.ಮೀ. ಸುತ್ತಳತೆ 86.4ಕ್ಕೆ ಇಳಿಯುತ್ತದೆ, ಅಲ್ವಾ? ಈಗ ಮೊದಲ ಹಾಳೆಯ ಮೂಲೆಯಲ್ಲಿ 10 ಸೆಂ.ಮೀ. ಚೌಕ ಬರೆದಿರುತ್ತೇನೆ. ಅದೊಂದೇ ಹಾಳೆಯನ್ನು 100% ಸ್ಕೇಲ್‌ನಲ್ಲಿ ತೆಗೆದು, ಚೌಕವನ್ನು ಅಡ್ಡಕ್ಕೂ ಉದ್ದಕ್ಕೂ ಅಳೆದು, ಆಮೇಲೆ ಉಳಿದ ಹಾಳೆ.